ವಿಮಾನದಲ್ಲಿ ನಾಯಿ, ಬೆಕ್ಕು ಕರೆದುಕೊಂಡು ಹೋಗುವವರಿಗೆ

ಎಲ್ಲರಿಗೂ ನಮಸ್ಕಾರ. ರಜೆ ಹತ್ತಿರ ಬಂತು, ಗುಂಪಿನಲ್ಲಿ ಮತ್ತೆ ಅದೇ ಪ್ರಶ್ನೆ: ನಾಯಿ, ಬೆಕ್ಕನ್ನು ವಿಮಾನದಲ್ಲಿ ಕರೆದುಕೊಂಡು ಹೋಗುವುದು ಹೇಗೆ? ಗೊತ್ತಿರುವಷ್ಟು ಬರೆದಿದ್ದೇನೆ.

ಟಿಕೆಟ್ ತೆಗೆಯುವ ಮೊದಲೇ ವಿಮಾನ ಕಂಪನಿಗೆ ಫೋನ್ ಮಾಡಿ. ಆಕಾಸ, ಏರ್ ಇಂಡಿಯಾದಲ್ಲಿ ಚಿಕ್ಕ ನಾಯಿ, ಬೆಕ್ಕು ನಮ್ಮ ಜೊತೆ ಒಳಗೇ ಬರಬಹುದು. ಇಂಡಿಗೋದಲ್ಲಿ ಸೇವಾ ನಾಯಿಗೆ (ಅಂಗವಿಕಲರಿಗೆ ನೆರವಾಗಲು ತರಬೇತಿ ಪಡೆದ ನಾಯಿ) ಮಾತ್ರ ಅವಕಾಶ. ತೂಕದ ಮಿತಿಯಲ್ಲಿ ಪ್ರಾಣಿಯನ್ನು ಕೂರಿಸುವ ಚೀಲದ ತೂಕವೂ ಸೇರುತ್ತದೆ. ನಾನು ಒಮ್ಮೆ ಬೆಕ್ಕನ್ನಷ್ಟೇ ತೂಗಿ ಹೋಗಿ, ಕೌಂಟರಿನಲ್ಲಿ ಪೇಚಾಡಿದೆ. ತಪ್ಪು ನನ್ನದೇ ಬಿಡಿ.

ಕೆಳಗೆ ಸರಕಿನ ಜಾಗದಲ್ಲಿ ಕಳಿಸುವುದಾದರೆ, ಪೆಟ್ಟಿಗೆಯೊಳಗೆ ನಾಯಿ ತಲೆ ತಾಗದಂತೆ ನಿಲ್ಲಬೇಕು, ತಿರುಗಬೇಕು, ಆರಾಮಾಗಿ ಮಲಗಬೇಕು. ತಿಂಗಳು ಮೊದಲೇ ಪೆಟ್ಟಿಗೆ ತಂದು, ಬಾಗಿಲು ತೆಗೆದಿಟ್ಟು, ಅದರೊಳಗೇ ಊಟ ಹಾಕಿ. ನಿಮ್ಮ ಹಳೇ ಟೀ ಶರ್ಟ್ ಒಂದನ್ನು ಹಾಸಿ, ವಾಸನೆಗೆ ಸುಮ್ನೆ ಮಲಗುತ್ತವೆ. ನಿದ್ದೆ ಮಾತ್ರೆ ಮಾತ್ರ ಬೇಡ, ಮೇಲೆ ಹೋದಾಗ ಉಸಿರಾಟಕ್ಕೆ ಅಪಾಯ. ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂತಿಯವಕ್ಕೆ ಈ ಅಪಾಯ ಇನ್ನೂ ಜಾಸ್ತಿ. ಎಷ್ಟೋ ಕಂಪನಿಗಳು ಅವನ್ನು ಕೆಳಗೆ ಹಾಕಲು ಒಪ್ಪುವುದೇ ಇಲ್ಲ.

ಜರ್ಮನಿಗೆ ಹೊರಟವರೇ, ಈಗಲೇ ಶುರು ಮಾಡಿ. ಮೊದಲು ಮೈಕ್ರೋಚಿಪ್ (ಗುರುತಿಗಾಗಿ ಚರ್ಮದಡಿ ಹಾಕುವ ಪುಟ್ಟ ಚಿಪ್), ಆಮೇಲೆ ರೇಬಿಸ್ ಲಸಿಕೆ. 30 ದಿನ ಬಿಟ್ಟು, ಲಸಿಕೆ ಹತ್ತಿದೆಯೇ ಎಂದು ನೋಡಲು ರಕ್ತಪರೀಕ್ಷೆ. ರಕ್ತ ತೆಗೆದ ದಿನದಿಂದ ಮತ್ತೆ 3 ತಿಂಗಳು ಕಾಯಬೇಕು. ಲಸಿಕೆ ಮೊದಲು, ಚಿಪ್ ಆಮೇಲೆ ಆದರೆ ಲಸಿಕೆ ಲೆಕ್ಕಕ್ಕೇ ಇಲ್ಲ.