ಸೊನ್ನೆಯನ್ನೂ ಬರೆದಿಡು

ಬಸವನ ಬಾಗೇವಾಡಿ
ಉತ್ತರಿ ಮಳೆ

ಪ್ರೀತಿಯ ಮಗಳೇ,

ಮೊನ್ನೆ ರಾತ್ರಿ ಫೋನಿನಲ್ಲಿ ನೀನು ಕೇಳಿದ್ದು ಇನ್ನೂ ತಲೆಯಲ್ಲಿದೆ. "ಅಪ್ಪಾ, ಹವಾಮಾನ ಬದಲಾವಣೆಗೆ ಕಾರಣ ಏನು, ಸಾಕ್ಷಿ ಏನು ಅಂತ ಪ್ರಾಜೆಕ್ಟ್ ಬರೀಬೇಕು. 2019ರಾಗ ಹೊಳಿ ಬಂದದ್ದು ಹಾಕಿದರ ಸಾಕಲ್ಲ?" ಅಂದೆ. "ನೋಡೋಣು" ಅಂದು ನಾನು ಫೋನ್ ಇಟ್ಟೆ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ ಅದು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಸಾಲದು, ಮಗಳೇ.

ಆ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿ ಬಂದವು. ಬೆಳಗಾವಿ, ಬಾಗಲಕೋಟೆ ಜಿಲ್ಲೆಯ ಊರೂರೇ ನೀರಲ್ಲಿ ನಿಂತವು. ನಿನ್ನ ಸೋದರತ್ತೆಯ ಮನೆಯ ಹಿಂದಿನ ಗೋಡೆ ಬಿದ್ದದ್ದು ನಿನಗೆ ನೆನಪಿದೆ. ಆದರೆ ಅದೇ ದಿನಗಳ ನನ್ನ ಮಳೆ ಅಳತೆಯ ರಿಜಿಸ್ಟರ್ ತೆಗೆದು ನೋಡಿದೆ. ನಮ್ಮ ಮಾಪಕಕ್ಕೆ ಬಿದ್ದದ್ದು ಬರೀ ಜಿಟಿಜಿಟಿ ಮಳೆ. ಹೊಳೆಗೆ ನೀರು ಬಂದದ್ದು ಘಟ್ಟದಿಂದ, ಮಹಾರಾಷ್ಟ್ರದ ಕಡೆಯಿಂದ. ಅಣೆಕಟ್ಟಿನಿಂದ ಯಾವಾಗ ಎಷ್ಟು ಬಿಟ್ಟರು, ಹೊಳೆ ದಂಡೆಯಲ್ಲಿ ಏನೇನು ಕಟ್ಟಿದ್ದರು, ಇವೂ ಲೆಕ್ಕಕ್ಕೆ ಬರಬೇಕಲ್ವಾ? ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಜಾಸ್ತಿ ತೇವ ಹಿಡಿಯುತ್ತದೆ. ಹಾಗಾಗಿ ಮಳೆ ಬಿದ್ದಾಗ ಧೋ ಅಂತ ಬೀಳುವುದು ಹೆಚ್ಚುತ್ತದೆ. ಅದು ನಿಜ. ಆದರೆ ಒಂದು ನೆರೆ ತೋರಿಸಿ ಇದೇ ಸಾಕ್ಷಿ ಅಂದುಬಿಟ್ಟರೆ, ಮುಂದಿನ ವರ್ಷ ಬರ ಬಿದ್ದಾಗ ಕೇಳಿದವರಿಗೆ ಏನು ಹೇಳುತ್ತೀ?

ನಿನಗೆ ಗೊತ್ತು, 31 ವರ್ಷ ಮಳೆ ಅಳೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಬೆಳಿಗ್ಗೆ ಸರಿಯಾಗಿ 8.30ಕ್ಕೆ. ಕೊಳವೆ ತೆಗೆಯಬೇಕು, ಒಳಗಿನ ಬಾಟಲಿಯ ನೀರನ್ನು ಗಾಜಿನ ಅಳತೆ ಜಾರ್‌ಗೆ ಸುರಿಯಬೇಕು, ಜಾರನ್ನು ಕಣ್ಣಿನ ಸಮಕ್ಕೆ ಹಿಡಿಯಬೇಕು. ನೀರಿನ ಮೇಲ್ಮೈ ನಡುವೆ ತಗ್ಗಾಗಿ ಬಾಗಿರುತ್ತದೆ. ಆ ತಗ್ಗಿನ ತಳ ಎಲ್ಲಿದೆಯೋ ಅದನ್ನೇ ಓದಬೇಕು, ಅಂಚನ್ನಲ್ಲ. ಸಣ್ಣವಳಿದ್ದಾಗ ನೀನೂ ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತು ಓದುತ್ತಿದ್ದೆ. ನಮ್ಮ ಕಡೆ ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ. ಅಂದರೆ ಬಹಳ ದಿನ ಜಾರ್ ಒಣಗಿಯೇ ಇರುತ್ತದೆ. ಆ ದಿನಗಳಲ್ಲೂ 0.0 ಅಂತ ಬರೆದು ಸಹಿ ಹಾಕಬೇಕು. "ನೀರೇ ಇಲ್ಲ, ಯಾಕಪ್ಪಾ ಬರೀತಿ?" ಅಂತ ನೀನು ಕೇಳುತ್ತಿದ್ದೆ. ಬರೆಯದಿದ್ದರೆ ಮಳೆ ಬರಲಿಲ್ಲವೋ, ನಾನೇ ಬರಲಿಲ್ಲವೋ, ಆಮೇಲೆ ಯಾರಿಗೆ ಗೊತ್ತಾಗಬೇಕು?

ಒಂದು ಸಲ ನನಗೆ ಜ್ವರ ಬಂದು ಒಂದು ದಿನ ತಪ್ಪಿತು. ಮರುದಿನ ನೋಡಿದರೆ 38 ಮಿ.ಮೀ. ಎರಡೂ ದಿನದ್ದು ಸೇರಿದ ನೀರು. ಆಗಿದ್ದ ಸಾಹೇಬರೊಬ್ಬರು "ಅರ್ಧ ಅರ್ಧ ಮಾಡಿ ಬರದುಬಿಡ್ರಿ, ಯಾರ್ ನೋಡ್ತಾರ" ಅಂದರು. ಪೆನ್ನು ಕೈಯಲ್ಲೇ ಇತ್ತು. 19, 19 ಅಂತ ಬರೆದರೆ ಪುಟ ಚೆಂದ ಕಾಣುತ್ತಿತ್ತು. ಆದರೆ ಯಾವ ದಿನ ಎಷ್ಟು ಬಿತ್ತು ಅಂತ ನನಗೇ ಗೊತ್ತಿಲ್ಲದ ಮೇಲೆ? ಮೊದಲ ದಿನ ಖಾಲಿ ಬಿಟ್ಟೆ. ಎರಡನೇ ದಿನ 38 ಬರೆದು, ಪಕ್ಕದಲ್ಲಿ "ಎರಡು ದಿನದ್ದು" ಅಂತ ಬರೆದೆ. ಬೈಗುಳ ತಿಂದೆ. ಆ ಪುಟದ ಬಗ್ಗೆ ಇವತ್ತಿಗೂ ನನಗೆ ಹೆಮ್ಮೆ.

ಚಾರ್ಲ್ಸ್ ಕೀಲಿಂಗ್ ಅನ್ನುವ ಅಮೆರಿಕದ ವಿಜ್ಞಾನಿಯ ಲೆಕ್ಕ ಓದುವಾಗ ಅದಕ್ಕೇ ನನಗೆ ನಮ್ಮವರೇ ಅನ್ನಿಸಿತು. ಅವರು 1958ರಿಂದ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಗಾಳಿಯಲ್ಲಿದ್ದು ಭೂಮಿಯ ಶಾಖ ಹಿಡಿದಿಡುವ ಕಾರ್ಬನ್ ಡೈಆಕ್ಸೈಡ್ ಅನಿಲವನ್ನು ಅಳೆಯಲು ಶುರು ಮಾಡಿದರು. ಮೊದಲು ಹತ್ತು ಲಕ್ಷಕ್ಕೆ ಸುಮಾರು 313 ಪಾಲು ಇತ್ತು. ಈಗ 420 ದಾಟಿದೆ. 1964ರಲ್ಲಿ ದುಡ್ಡು ಸಾಲದೆ ಕೆಲವು ತಿಂಗಳು ಅಳತೆ ನಿಂತುಹೋಯಿತು. ಮೂಲ ಲೆಕ್ಕದಲ್ಲಿ ಆ ಜಾಗ ಇವತ್ತಿಗೂ ಖಾಲಿಯೇ ಇದೆ. ನೀನು ಆ ಗ್ರಾಫ್ ಹಾಕುತ್ತೀಯಲ್ಲ, ಆ ಖಾಲಿ ಜಾಗವನ್ನೂ ತೋರಿಸು. ಅದರ ಜೊತೆಗೆ ಅಂಟಾರ್ಕ್ಟಿಕಾದ ಹಿಮದ ಲೆಕ್ಕ ಇಡು. ಹಿಮದೊಳಗೆ ಸಿಕ್ಕಿಬಿದ್ದ ಹಳೆ ಗಾಳಿಯ ಗುಳ್ಳೆಗಳನ್ನು ಅಳೆದಿದ್ದಾರೆ. 8 ಲಕ್ಷ ವರ್ಷಗಳ ಆ ಲೆಕ್ಕದಲ್ಲಿ, ನಮ್ಮ ಕಾರ್ಖಾನೆಗಳ ಕಾಲಕ್ಕೆ ಮೊದಲು, ಅದು 300 ದಾಟಿದ್ದೇ ಇಲ್ಲ.

ಇನ್ನು ನಿನ್ನ ಕಾಕಾ. ದೀಪಾವಳಿಗೆ ಬಂದಾಗ ಕಟ್ಟೆ ಮೇಲೆ ಕೂತು ಕೇಳಿಯೇ ಕೇಳುತ್ತಾನೆ: "ಬರ ಏನ್ ಹೊಸಾದೇನವ್ವಾ? ನಮ್ಮ ಮುತ್ತ್ಯಾನ ಕಾಲದಾಗ ಇರಲಿಲ್ಲೇನು?" ಸಿಟ್ಟಾಗಬೇಡ. ಅವನ ಪ್ರಶ್ನೆ ಸರಿಯಾಗಿದೆ. 1876ರಿಂದ 78ರವರೆಗಿನ ಬರದಲ್ಲಿ ನಮ್ಮ ಈ ನಾಡು ತತ್ತರಿಸಿಹೋಗಿತ್ತು. ದೂರದ ಪೆಸಿಫಿಕ್ ಸಾಗರ ಬಿಸಿಯಾಗಿ ಇಲ್ಲಿ ಮುಂಗಾರು ಕೈಕೊಟ್ಟ ಎಲ್ ನಿನೋ ಬರ ಅದು. ಅಂಥ ಬರ ಮೊದಲೂ ಇತ್ತು, ಇನ್ನೂ ಬರುತ್ತದೆ. ಆದರೆ ಈಗ ಬರುವುದು ಮೊದಲೇ ಕಾದ ನೆಲದ ಮೇಲೆ. ಅದೇ ಮಳೆ ಕೊರತೆಗೆ ನಮ್ಮ ಎರೆಭೂಮಿ ಬೇಗ ಬಿರಿಯುತ್ತದೆ, ಹಿಂಗಾರಿ ಬಿಳಿಜೋಳಕ್ಕೆ ತೇವ ಉಳಿಯುವುದಿಲ್ಲ. ನಮ್ಮ ಡೋಣಿ ಹೊಳೆಯ ಮೇಲೆ ಗಾದೆಯಿದೆಯಲ್ಲ, ಡೋಣಿ ಹರಿದರೆ ಓಣಿಯೆಲ್ಲ ಕಾಳು ಅಂತ ಹಿರಿಯರು ಅಂದದ್ದು ಈ ನೆಲದ ತೇವ ನಂಬಿಯೇ.

ಇಲ್ಲಿ ನಾನು ಒಂದು ಮಾತು ಒಪ್ಪಿಕೊಳ್ಳಲೇಬೇಕು. ನನ್ನ 31 ವರ್ಷದ ರಿಜಿಸ್ಟರ್ ಇಟ್ಟುಕೊಂಡು ನಮ್ಮೂರ ಮಳೆ ಇಳಿದಿದೆ ಅಂತಲೂ ಹೇಳಲಾರೆ, ಏರಿದೆ ಅಂತಲೂ ಹೇಳಲಾರೆ. ನಮ್ಮ ಮಳೆ ಮೊದಲಿನಿಂದಲೂ ಹಾಗೆ, ಒಂದು ವರ್ಷ ಸುರಿದರೆ ಎರಡು ವರ್ಷ ಮುಖ ತಿರುಗಿಸುತ್ತದೆ. ಒಂದು ಮಾಪಕ ಒಂದು ಅಂಗಳದ ಸಾಕ್ಷಿ ಅಷ್ಟೇ. ಅಂಥ ಸಾವಿರಾರು ಅಂಗಳಗಳ ಲೆಕ್ಕ ಸೇರಿದಾಗ ಮಾತು ಗಟ್ಟಿಯಾಗುತ್ತದೆ. ಭಾರತದ ಸರಾಸರಿ ಬಿಸಿ 1901ರಿಂದ 2018ರೊಳಗೆ ಸುಮಾರು 0.7 ಡಿಗ್ರಿ ಏರಿದೆ. ಇಡೀ ಭೂಮಿಯದ್ದು 2024ರಲ್ಲಿ, ಕಾರ್ಖಾನೆಗಳ ಕಾಲಕ್ಕೆ ಮೊದಲಿದ್ದದ್ದಕ್ಕಿಂತ ಸುಮಾರು ಒಂದೂವರೆ ಡಿಗ್ರಿ ಮೇಲಿತ್ತು.

ಬಿಸಿ ಏರಿದ್ದಕ್ಕೆ ಇದು ಸಾಕ್ಷಿ. ಯಾರಿಂದ ಏರಿತು ಅನ್ನುವುದು ಬೇರೆ ಪ್ರಶ್ನೆ. ಇವೆರಡನ್ನು ನೀನು ಒಂದೇ ಅಧ್ಯಾಯದಲ್ಲಿ ಕಲಸಬೇಡ.

ನಿಮ್ಮವ್ವ ದಿನಾ ಡೇರಿಗೆ ಹಾಲು ಹಾಕುತ್ತಾಳಲ್ಲ. ಹಾಲಿಗೆ ನೀರು ಬೆರೆಸಿದ್ದರೆ ಕಣ್ಣಿಗೆ ಕಾಣದು. ಲ್ಯಾಕ್ಟೋಮೀಟರ್ ಬಿಟ್ಟರೆ ಅದು ಜಾಸ್ತಿ ಮುಳುಗಿ ತೋರಿಸುತ್ತದೆ. ಗಾಳಿಗೂ ಅಂಥದ್ದೇ ಒಂದು ಪರೀಕ್ಷೆ ಇದೆ. ಗಿಡ, ಮರ, ನಾವು, ನಮ್ಮ ಎಮ್ಮೆ, ಬದುಕಿರುವ ಎಲ್ಲದರಲ್ಲೂ ಕಾರ್ಬನ್-14 ಅನ್ನುವ ಒಂದು ಬಗೆಯ ಕಾರ್ಬನ್ ಚೂರು ಇರುತ್ತದೆ. ಸತ್ತ ಮೇಲೆ ಅದು ಸುಮಾರು 5,730 ವರ್ಷಕ್ಕೆ ಅರ್ಧ ಆಗುತ್ತಾ ಹೋಗುತ್ತದೆ. ಕಲ್ಲಿದ್ದಲು, ಎಣ್ಣೆ ನೆಲದೊಳಗೆ ಕೋಟಿಗಟ್ಟಲೆ ವರ್ಷ ಮಲಗಿದ್ದವು. ಅವುಗಳಲ್ಲಿ ಅದು ಪೂರ್ತಿ ಮುಗಿದಿದೆ. ಹಾಗಾದರೆ ಗಾಳಿಗೆ ಹೊಸದಾಗಿ ಸೇರಿದ್ದು ಕಲ್ಲಿದ್ದಲಿನ ಹೊಗೆಯಾಗಿದ್ದರೆ ಗಾಳಿಯಲ್ಲಿ ಕಾರ್ಬನ್-14ರ ಪಾಲು ತೆಳುವಾಗಬೇಕು. ಹಾನ್ಸ್ ಸ್ಯೂಸ್ ಅನ್ನುವ ವಿಜ್ಞಾನಿ ಹಳೆ ಕಟ್ಟಿಗೆ, ಹೊಸ ಕಟ್ಟಿಗೆ ಹೋಲಿಸಿ 1955ರಲ್ಲೇ ಅದನ್ನು ತೋರಿಸಿದರು. ತೆಳುವಾಗಿತ್ತು. ಇದನ್ನು ಮೊದಲ ಸಲ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಮಗಳೇ. ಹೊಗೆ ತನ್ನ ಹುಟ್ಟೂರನ್ನು ತಾನೇ ಹೇಳುತ್ತಿದೆ.

ಸೂರ್ಯನೇ ಜಾಸ್ತಿ ಕಾಯುತ್ತಿದ್ದಾನೆ ಅನ್ನುವವರೂ ಸಿಗುತ್ತಾರೆ. ಅವರಿಗೆ ಅಜ್ಜಿಯ ಕೌದಿ ತೋರಿಸು. ಕೌದಿ ಹೊದ್ದರೆ ಒಳಗೆ ಬೆಚ್ಚಗೆ, ಮೇಲೆ ಕೈ ಇಟ್ಟರೆ ತಣ್ಣಗೆ. ಬಿಸಿ ಒಳಗೇ ತಡೆದಿದೆ ಅಂತ ಅರ್ಥ. ಸೂರ್ಯನಿಂದ ಆಗಿದ್ದರೆ ವಾತಾವರಣದ ಮೇಲಿನ ಪದರವೂ ಕಾಯಬೇಕಿತ್ತು. ಕೆಳಗೆ ಕಾಯುತ್ತಿದೆ, ಮೇಲಿನ ಸ್ಟ್ರಾಟೋಸ್ಫಿಯರ್ ತಣ್ಣಗಾಗುತ್ತಿದೆ. ಅಲ್ಲಿಯ ಓಝೋನ್ ಅನಿಲ ಕಡಿಮೆಯಾದದ್ದೂ ಅದಕ್ಕೆ ಒಂದು ಪಾಲು ಕಾರಣ, ಅದನ್ನು ಮುಚ್ಚಿಡಬೇಡ. ಸೂರ್ಯನ ಶಾಖವನ್ನು ಉಪಗ್ರಹಗಳು 1970ರ ದಶಕದ ಕೊನೆಯಿಂದ ಅಳೆಯುತ್ತಿವೆ. ಈ ಬಿಸಿಗೆ ತಕ್ಕ ಏರಿಕೆ ಅದರಲ್ಲಿಲ್ಲ.

ಯೂನಿಸ್ ಫೂಟ್ ಹೆಸರು ಬಿಡಬೇಡ. ಅಮೆರಿಕದ ಹೆಣ್ಣುಮಗಳು. 1856ರಲ್ಲಿ ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ಗಾಳಿ ತುಂಬಿ, ಒಳಗೆ ಥರ್ಮಾಮೀಟರ್ ಇಟ್ಟು ಬಿಸಿಲಿಗೆ ಇಟ್ಟಳು. ಕಾರ್ಬನ್ ಡೈಆಕ್ಸೈಡ್ ತುಂಬಿದ್ದು ಎಲ್ಲಕ್ಕಿಂತ ಜಾಸ್ತಿ ಕಾಯಿತು, ಆರಲು ಬಹಳ ಹೊತ್ತು ತೆಗೆದುಕೊಂಡಿತು. ಗಾಳಿಯಲ್ಲಿ ಇದು ಹೆಚ್ಚಾದರೆ ಭೂಮಿ ಕಾಯುತ್ತದೆ ಅಂತ ಬರೆದಳು. ಸಭೆಯಲ್ಲಿ ಅವಳ ಪ್ರಬಂಧ ಓದಿದ್ದು ಒಬ್ಬ ಗಂಡಸು. ಮೂರು ವರ್ಷದ ನಂತರ ಜಾನ್ ಟಿಂಡಲ್ ಅನ್ನುವ ವಿಜ್ಞಾನಿ ಇನ್ನೂ ಒಳ್ಳೆಯ ಉಪಕರಣದಿಂದ ಕೆಲಸ ಮಾಡಿದರು. ನೆಲದಿಂದ ಏಳುವ ಶಾಖವನ್ನೇ ಈ ಅನಿಲ ಹಿಡಿಯುತ್ತದೆ ಅಂತ ಖಚಿತವಾದದ್ದು ಅವರಿಂದ. ಅವರ ಹೆಸರು ಉಳಿಯಿತು, ಇವಳದ್ದು ನೂರು ವರ್ಷಕ್ಕೂ ಮೇಲೆ ಮರೆತುಹೋಯಿತು. ನೀನು ಇಬ್ಬರದ್ದೂ ಬರೆ.

ಕಾರಣ ಬರೆಯುವಾಗ ಬರೀ "ಮನುಷ್ಯ" ಅಂತ ಬರೆದು ಕೈ ತೊಳೆದುಕೊಳ್ಳಬೇಡ. ಗೋವಾಕ್ಕೆ ಗುಳೆ ಹೋಗುವ ನಮ್ಮ ಓಣಿಯವರ ಪಾಲೂ, ದಿನಾ ವಿಮಾನ ಹತ್ತುವವರ ಪಾಲೂ ಒಂದೇ ಅಲ್ಲ. ಹಾಗಂತ ನಮ್ಮ ಪಾಲು ಸೊನ್ನೆಯೂ ಅಲ್ಲ. ನಮ್ಮ ಜಿಲ್ಲೆಯ ಕೂಡಗಿಯಲ್ಲಿ 2,400 ಮೆಗಾವ್ಯಾಟ್ ವಿದ್ಯುತ್ ಸ್ಥಾವರ ಉರಿಯುವುದು ಕಲ್ಲಿದ್ದಲಿನಿಂದಲೇ. ಇದನ್ನು ಬರೆಯುತ್ತಿರುವುದು ಬಲ್ಬಿನ ಕೆಳಗೆ ಕೂತು.

ನಿಮ್ಮವ್ವ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿದ್ದಾಳೆ. ನಾಳೆ ಧಾರವಾಡಕ್ಕೆ ಹೊರಡುವವರ ಕೈಯಲ್ಲಿ ಕಳಿಸುತ್ತೇನೆ. ಅದರ ಜೊತೆ ರಿಜಿಸ್ಟರಿನ ಝೆರಾಕ್ಸ್ ಇದೆ, ಜ್ವರ ಬಂದ ದಿನದ ಪುಟವೂ ಸೇರಿ. ದೀಪಾವಳಿಗೆ ಬರುವಾಗ ಒಂದೇ ಥರದ ಎರಡು ಥರ್ಮಾಮೀಟರ್ ತಾ. ಬಾಟಲಿ ನಾನು ತೊಳೆದಿಟ್ಟಿರುತ್ತೇನೆ. ಮಾಳಿಗೆ ಮೇಲೆ ಬಿಸಿಲು ಚೆನ್ನಾಗಿರುತ್ತದೆ, ಕಾಕಾನನ್ನೂ ಕರೆದು ಕೂರಿಸೋಣ.

ಇವತ್ತು ಬೆಳಿಗ್ಗೆ 8.30ಕ್ಕೆ 4.2 ಮಿ.ಮೀ.

ನಿನ್ನ ಅಪ್ಪ