ಪದ್ಮಿನಿ ಸ್ಟೇರಿಂಗ್ ಕೆಲಸಕ್ಕೆ ಇನ್ನು ಮುಂದೆ ನಾಲ್ಕು ದಿನ ಬೇಕು

ನಮಸ್ಕಾರ,

ಮುಂದಿನ ತಿಂಗಳ 1ನೇ ತಾರೀಖಿನಿಂದ ನಮ್ಮ ಗ್ಯಾರೇಜಿನಲ್ಲಿ ಹಳೇ ಫಿಯೆಟ್, ಪದ್ಮಿನಿ ಕಾರುಗಳ ಸ್ಟೇರಿಂಗ್ ಕೆಲಸವನ್ನು ಒಂದೇ ದಿನದಲ್ಲಿ ಮಾಡಿಕೊಡುವುದನ್ನು ನಿಲ್ಲಿಸುತ್ತಿದ್ದೇವೆ. ಬೆಳಿಗ್ಗೆ ಗಾಡಿ ಬಿಟ್ಟು, ಅಡಿಕೆ ವ್ಯಾಪಾರ, ಬ್ಯಾಂಕು ಅಂತ ಶಿರಸಿ ಪೇಟೆ ಕೆಲಸ ಮುಗಿಸಿ ಸಂಜೆ ತೆಗೆದುಕೊಂಡು ಹೋಗುವ ರೂಢಿ ನಿಮ್ಮಲ್ಲಿ ತುಂಬಾ ಜನರಿಗೆ ಇದೆ, ಗೊತ್ತು. ಇನ್ನು ಮುಂದೆ ಕನಿಷ್ಠ ನಾಲ್ಕು ದಿನ ಗಾಡಿ ನಮ್ಮ ಹತ್ತಿರ ಇರಬೇಕು. ಖರ್ಚೂ ಜಾಸ್ತಿ ಆಗುತ್ತದೆ.

ಯಾಕೆ ಅಂತ ಹೇಳುತ್ತೇವೆ. ಕಳೆದ ವರ್ಷ ಕುಮಟಾ ಕಡೆಯ ಗ್ರಾಹಕರೊಬ್ಬರು ಸ್ಟೇರಿಂಗ್ ಲೂಸ್ ಅಂತ ಗಾಡಿ ತಂದರು. ಸ್ಟೇರಿಂಗ್ ಬಾಕ್ಸ್ (ಸ್ಟೇರಿಂಗ್ ತಿರುಗಿಸಿದ್ದನ್ನು ಚಕ್ರದ ಕಡೆ ದಾಟಿಸುವ ಹಲ್ಲುಗಳಿರುವ ಪೆಟ್ಟಿಗೆ) ಮೇಲಿನ ಸ್ಕ್ರೂ ಬಿಗಿ ಮಾಡಿ ಕೊಟ್ಟೆವು. ಪೇಟೆಯಲ್ಲಿ ಓಡಿಸಿದಾಗ ಚೆನ್ನಾಗಿಯೇ ಇತ್ತು. ದೇವಿಮನೆ ಘಟ್ಟ ಇಳಿಯುವಾಗ ಒಂದು ತಿರುವಿನಲ್ಲಿ ಪೂರ್ತಿ ತಿರುಗಿಸಿದ ಸ್ಟೇರಿಂಗ್ ವಾಪಸ್ ಬರಲಿಲ್ಲ, ಎರಡೂ ಕೈ ಹಾಕಿ ಎಳೆದು ತಂದರಂತೆ. ಎದುರಿಗೆ ಲಾರಿ ಬಂದಿದ್ದರೆ? ತಪ್ಪು ನಮ್ಮದೇ. ಅವರ ಹತ್ತಿರ ಕ್ಷಮೆ ಕೇಳಿ, ದುಡ್ಡು ತೆಗೆದುಕೊಳ್ಳದೆ ಬಾಕ್ಸ್ ಬಿಚ್ಚಿ ಸರಿಮಾಡಿದೆವು.

ಗಾಡಿ ಹೆಚ್ಚು ಹೊತ್ತು ನೇರಕ್ಕೇ ಓಡುತ್ತದೆ ಅಲ್ವಾ, ಹಾಗಾಗಿ ಬಾಕ್ಸ್ ಒಳಗಿನ ವರ್ಮ್ (ಸ್ಕ್ರೂ ಥರ ಸುರುಳಿ ಹಲ್ಲಿರುವ ಗೇರ್) ನಡುವೆ ಸವೆದಷ್ಟು ತುದಿಗಳಲ್ಲಿ ಸವೆಯುವುದಿಲ್ಲ. ನಡುವಿನ ಸವೆತ ನೋಡಿ ಸ್ಕ್ರೂ ಬಿಗಿ ಮಾಡಿದರೆ ತುದಿಯಲ್ಲಿ ಹಿಡಿಯುತ್ತದೆ. ಆ ಬಾಕ್ಸಿನಲ್ಲಿ ಎಣ್ಣೆಯೂ ಇರಲಿಲ್ಲ. ಸೀಲ್ ಸೋರುತ್ತದೆ ಅಂತ ಹಿಂದೆ ಯಾರೋ ಗ್ರೀಸ್ ತುಂಬಿದ್ದರು. ಗ್ರೀಸ್ ಒಮ್ಮೆ ಪಕ್ಕಕ್ಕೆ ಸರಿದರೆ ಗೋಡೆಗೆ ಅಂಟಿ ಕೂರುತ್ತದೆ, ಹಲ್ಲಿನ ಕಡೆ ತಿರುಗಿ ಬರುವುದಿಲ್ಲ. ಅಲ್ಲಿಗೆ ಬೇಕಾದದ್ದು ಹೊಸ ಸೀಲ್ ಮತ್ತು 90 ನಂಬರ್ ಗೇರ್ ಆಯಿಲ್. ಇನ್ನು ಮೇಲೆ ಬಾಕ್ಸ್ ಬಿಚ್ಚದೆ ಸ್ಕ್ರೂ ಮುಟ್ಟುವುದಿಲ್ಲ.

ಜಾಸ್ತಿ ಸಮಯ ಬೇಡುವುದು ಕಿಂಗ್ ಪಿನ್, ಅಂದರೆ ಮುಂದಿನ ಚಕ್ರ ಎಡ ಬಲ ತಿರುಗಲು ಆಸರೆಯಾದ ಉಕ್ಕಿನ ಪಿನ್. ಆ ಪಿನ್ ಕೂರುವ ಹೊಸ ಬುಷ್ (ಕೊಳವೆಯಂಥ ಲೋಹದ ತುಂಡು) ಪ್ರೆಸ್ ಮಾಡಿ ಕೂರಿಸಿದಾಗ ಒಳಗಿನ ತೂತು ಸ್ವಲ್ಪ ಕಿರಿದಾಗುತ್ತದೆ. ಮೇಲಿನ ಬುಷ್, ಕೆಳಗಿನ ಬುಷ್ ಎರಡಕ್ಕೂ ಒಂದೇ ಉದ್ದನೆಯ ರೀಮರ್ (ತೂತನ್ನು ಅಳತೆಗೆ ಕೆರೆಯುವ ಉಪಕರಣ) ಹಾಕಿ, ಒಂದೇ ಗೆರೆಗೆ ಬರುವ ಹಾಗೆ ನಿಧಾನಕ್ಕೆ ಕೆರೆಯಬೇಕು. ಎಣ್ಣೆ ಸವರಿದ ಪಿನ್ ಹೆಬ್ಬೆರಳಿನಲ್ಲಿ ಒತ್ತಿದರೆ ಇಳಿಯಬೇಕು, ಬಿಟ್ಟರೆ ತಾನಾಗಿ ಬೀಳಬಾರದು. ಬುಷ್‌ನ ತೂತು ಗ್ರೀಸ್ ನಿಪ್ಪಲ್‌ಗೆ ಸರಿಯಾಗಿ ಕೂತಿರಬೇಕು. ಇಲ್ಲದಿದ್ದರೆ ನೀವು ಎಷ್ಟು ಗ್ರೀಸ್ ಹೊಡೆದರೂ ಪಿನ್‌ಗೆ ತಲುಪುವುದಿಲ್ಲ. ಇದನ್ನು ಅವಸರದಲ್ಲಿ ಮಾಡಲು ನಮಗೆ ಮನಸ್ಸಿಲ್ಲ.

ಟೈ ರಾಡ್ ಎಂಡ್ (ಚಕ್ರವನ್ನು ತಿರುಗಿಸುವ ಸರಳಿನ ತುದಿಯಲ್ಲಿರುವ ಗುಂಡಿನ ಕೀಲು) ವೆಲ್ಡ್ ಮಾಡಿಕೊಡಿ ಅಂತ ದಯವಿಟ್ಟು ಕೇಳಬೇಡಿ. ಬೆಂಕಿ ತಾಗಿದ ಕಬ್ಬಿಣದ ಹದ ಕೆಡುತ್ತದೆ, ಮುರಿಯುವ ಮೊದಲು ಸೂಚನೆಯನ್ನೂ ಕೊಡುವುದಿಲ್ಲ. ಕಾರವಾರ, ಅಂಕೋಲಾ ಕಡೆಯವರು ಅದರ ರಬ್ಬರ್ ಬೂಟನ್ನೂ ನೋಡುತ್ತಿರಿ. ಒಂದು ಸಣ್ಣ ಸೀಳು ಸಾಕು, ಮಳೆನೀರು, ಉಪ್ಪುಗಾಳಿ ಒಳಗೆ ಹೋಗಿ ಗುಂಡು ತುಕ್ಕು ಹಿಡಿಯುತ್ತದೆ.

ಮನೆಯಲ್ಲೇ ಒಮ್ಮೆ ಪರೀಕ್ಷೆ ಮಾಡಿ. ಮುಂದಿನ ಚಕ್ರ ಜಾಕ್ ಹಾಕಿ ಎತ್ತಿ, ಜಾಕ್ ಒಂದನ್ನೇ ನಂಬದೆ ಕೆಳಗೆ ಗಟ್ಟಿ ಮರದ ದಿಮ್ಮಿಯನ್ನೂ ಕೊಡಿ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಟಕ್ ಟಕ್ ಅಂದರೆ ಕಿಂಗ್ ಪಿನ್ ಅಥವಾ ಚಕ್ರದ ಬೇರಿಂಗ್. ಎಡ ಬಲ ಹಿಡಿದಾಗ ಮಾತ್ರ ಸದ್ದು ಬಂದರೆ ಹೆಚ್ಚಾಗಿ ಟೈ ರಾಡ್.

ಬಿಚ್ಚಿ ನೋಡಿದ ಮೇಲೆ ಫೋನ್ ಮಾಡಿ ಖರ್ಚು ತಿಳಿಸುತ್ತೇವೆ, ನೀವು ಹೂಂ ಅಂದ ಮೇಲೇ ಕೆಲಸ. ತೆಗೆದ ಪಾರ್ಟ್ಸ್ ಎಲ್ಲಾ ಡಿಕ್ಕಿಯಲ್ಲಿ ಇಟ್ಟು ಕೊಡುತ್ತೇವೆ. ಈಗಾಗಲೇ ದಿನ ಗೊತ್ತು ಮಾಡಿಕೊಂಡವರಿಗೆ ಹಳೇ ದರವೇ, ಆದರೆ ನಾಲ್ಕು ದಿನ ಅವರಿಗೂ ಬೇಕು. ಘಟ್ಟದ ಕೆಳಗಿನಿಂದ ಬರುವವರು ಗಾಡಿ ಬಿಟ್ಟ ಮೇಲೆ ಚಿಂತೆ ಮಾಡಬೇಡಿ, ಬಸ್ ಸ್ಟ್ಯಾಂಡ್‌ವರೆಗೆ ನಾವೇ ಬಿಟ್ಟು ಬರುತ್ತೇವೆ.