ತೂಕ ನೋಡಲಿ, ಕೂಗಿ ಹೇಳುವುದು ಬೇಡ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ ನಮಸ್ಕಾರ.

ನಾನು ಬೆಂಗಳೂರಿನ ಒಂದು ಪದವಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ನಮ್ಮಲ್ಲಿ ಆರೋಗ್ಯದ ಪಾಠ ನಡೆಯುವ ರೀತಿ ಬದಲಾಗಬೇಕು ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ಮಕ್ಕಳು ತಮ್ಮ ಮೈಯನ್ನು ನೋಡಿಕೊಳ್ಳುವುದನ್ನು ಕಲಿಯಬೇಕಾದ ಕಡೆ, ಅದರ ಬಗ್ಗೆ ನಾಚಿಕೆಪಡುವುದನ್ನು ಕಲಿಯುತ್ತಿದ್ದಾರೆ.

ತಪಾಸಣಾ ಶಿಬಿರದ ದಿನ ಏನಾಗುತ್ತದೆ ನೋಡಿ. ಹಾಲ್‌ ಬಾಗಿಲಲ್ಲೇ ತೂಕದ ಮೆಷಿನ್, ಹಿಂದೆ ಇಡೀ ಕ್ಲಾಸಿನ ಸಾಲು. ಒಬ್ಬರು ತೂಕ ನೋಡಿ ಕೂಗುತ್ತಾರೆ, ಇನ್ನೊಬ್ಬರು ರಿಜಿಸ್ಟರ್‌ನಲ್ಲಿ ಬರೆದುಕೊಳ್ಳುತ್ತಾರೆ. ‘ಎಪ್ಪತ್ತೆರಡು’ ಅಂದ ಕೂಡಲೇ ಹಿಂದೆ ಕಿಸಕ್ಕನೆ ನಗು. ‘ಮೂವತ್ತೊಂಬತ್ತು’ ಅಂದರೂ ಬಿಡುವುದಿಲ್ಲ, ‘ಮನೇಲಿ ಊಟ ಹಾಕಲ್ವೇನೇ?’ ಅನ್ನುತ್ತಾರೆ. ಅವತ್ತು ತಿಂಡಿ ಬಿಟ್ಟು, ನೀರನ್ನೂ ಕುಡಿಯದೆ ಬರುವ ಹುಡುಗಿಯರಿದ್ದಾರೆ. ಕೆಲವರು ಮಾರನೇ ದಿನವೂ ಊಟದ ಡಬ್ಬಿಯನ್ನು ಗೆಳತಿಯ ಕಡೆ ತಳ್ಳಿ ಸುಮ್ನೆ ಕೂತಿರುತ್ತಾರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019–21) ಪ್ರಕಾರ ದೇಶದ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಇಂಥ ದೇಶದಲ್ಲಿ ಆರೋಗ್ಯ ಶಿಬಿರವೇ ಊಟ ಬಿಡಿಸಿದರೆ ಹೇಗೆ ಸರ್?

ತೂಕ ನೋಡಲೇಬಾರದು ಅಂತ ನಾನು ಹೇಳುತ್ತಿಲ್ಲ. ಸಕ್ಕರೆ ಕಾಯಿಲೆ ಈಗ ಚಿಕ್ಕ ವಯಸ್ಸಿನವರಿಗೂ ಬರುತ್ತಿದೆ, ಆ ಎಚ್ಚರ ಬೇಕು. ಆದರೆ ಎತ್ತರಕ್ಕೆ ತಕ್ಕ ತೂಕ ಇದೆಯೇ ಎಂದು ಅಳೆಯುವ ಬಿಎಂಐ ಲೆಕ್ಕಕ್ಕೆ ಸ್ನಾಯು ಯಾವುದು, ಕೊಬ್ಬು ಯಾವುದು ಗೊತ್ತಾಗುವುದಿಲ್ಲ. 19ನೇ ಶತಮಾನದಲ್ಲಿ ಅದಕ್ಕೆ ಬುನಾದಿ ಹಾಕಿದ ಬೆಲ್ಜಿಯಂನ ಕೆಟಲೆ ವೈದ್ಯರಲ್ಲ, ಅಂಕಿಅಂಶದ ಪಂಡಿತರು. ದಿನಾ ಬೆಳಗ್ಗೆ ಕಬಡ್ಡಿ ಅಭ್ಯಾಸ ಮಾಡುವ ಗಟ್ಟಿಮುಟ್ಟಾದ ಹುಡುಗಿಯ ಚೀಟಿಯಲ್ಲೂ ‘ತೂಕ ಜಾಸ್ತಿ’ ಅಂತ ಬರಬಹುದು. ಅದನ್ನು ಬಿಡಿಸಿ ಹೇಳುವವರು ಅಲ್ಲಿ ಯಾರೂ ಇರುವುದಿಲ್ಲ.

ಹುಡುಗರ ಸಂಕಟ ಯಾರ ಕಣ್ಣಿಗೂ ಬೀಳುವುದಿಲ್ಲ. ತೋಳು ಸಣ್ಣ ಅಂತ ಸೆಕೆಯಲ್ಲೂ ಜಾಕೆಟ್ ತೆಗೆಯದವರಿದ್ದಾರೆ. ಪಾಕೆಟ್ ಮನಿ ಕೂಡಿಟ್ಟು ಪ್ರೋಟೀನ್ ಡಬ್ಬ ತರುತ್ತಾರೆ. ಮೈ ಕಟ್ಟಲು ಇಂಥ ಪುಡಿ ಬೇಡ, ಊಟದಲ್ಲೇ ಪ್ರೋಟೀನ್ ಪಡೆಯಿರಿ ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲೇ ಹೇಳಿದೆ. ನಮ್ಮ ಹುಡುಗರಿಗೆ ಅದನ್ನು ತಲುಪಿಸಿದವರು ಯಾರು? ಹುರುಳಿಕಾಳಿನ ಸಾರು, ಮೊಟ್ಟೆ, ಕಡಲೆಬೀಜದ ಬಗ್ಗೆ ಜಿಮ್‌ನಲ್ಲಿ ಯಾರೂ ಹೇಳಿಕೊಡುವುದಿಲ್ಲ.

ಚೆನ್ನಾಗಿ ಕಲಿಸಿದರೆ ಫಲ ಸಿಗುತ್ತದೆ. ಒಂದೇ ಫೋಟೊವನ್ನು ಫಿಲ್ಟರ್ ಹಾಕಿ ಒಮ್ಮೆ, ಹಾಕದೆ ಒಮ್ಮೆ ಕ್ಲಾಸಿನಲ್ಲಿ ತೋರಿಸುತ್ತೇನೆ. ಚರ್ಮದ ಬಣ್ಣ ತಿಳಿಯಾಗಿದ್ದು, ಗಲ್ಲ ಸಣ್ಣಗಾಗಿದ್ದು, ಎಲ್ಲವನ್ನೂ ಮಕ್ಕಳೇ ಹುಡುಕಿ ಹೇಳುತ್ತಾರೆ. ಆಮೇಲೆ ಮಾತು ತಾನಾಗಿ ಬರುತ್ತದೆ: ಮದುವೆ ಮನೆಯಲ್ಲಿ ಅತ್ತೆ ಅಂದಿದ್ದು, ಹಾಸ್ಟೆಲಿನಲ್ಲಿ ಇಟ್ಟ ಅಡ್ಡಹೆಸರು. ಇಷ್ಟು ದಿನ ಒಬ್ಬೊಬ್ಬರೇ ನುಂಗಿಕೊಂಡಿದ್ದ ಮಾತುಗಳು ಅವು.

ಹಾಗಾಗಿ ತಮ್ಮ ಇಲಾಖೆಯಿಂದ ಎಲ್ಲ ಪದವಿ ಕಾಲೇಜುಗಳಿಗೂ ಒಂದು ಸುತ್ತೋಲೆ ಬರಲಿ. ತೂಕ ನೋಡುವುದು ಪರದೆಯ ಹಿಂದೆ, ಅಂಕಿ ಆ ವಿದ್ಯಾರ್ಥಿಯ ಕೈಗೆ ಮಾತ್ರ. ಆರೋಗ್ಯದ ತರಗತಿಯಲ್ಲಿ ಊಟ, ನಿದ್ದೆ, ಮುಟ್ಟು, ಆಟದ ಜೊತೆಗೆ ಈ ಫೋಟೊಗಳ ವಿಚಾರವೂ ಇರಲಿ, ಹುಡುಗರೂ ಕೂತು ಕೇಳಲಿ. ನಿಮ್ಹಾನ್ಸ್ ನಮ್ಮ ಊರಿನಲ್ಲೇ ಇದೆ, ಅಲ್ವಾ? ಊಟ ಬಿಡುವ ಮಕ್ಕಳನ್ನು ಗುರುತಿಸುವುದು ಹೇಗೆ ಎಂದು ಅಲ್ಲಿನ ತಜ್ಞರಿಂದ ಅಧ್ಯಾಪಕರಿಗೆ ತರಬೇತಿ ಕೊಡಿಸಿ. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆ ಪ್ರತಿ ಐಡಿ ಕಾರ್ಡಿನ ಹಿಂದೆ ಅಚ್ಚಾಗಲಿ.

ಮುಂದಿನ ಸೆಮಿಸ್ಟರ್‌ನ ಶಿಬಿರಗಳು ಶುರುವಾಗುವ ಮೊದಲೇ ಈ ಸುತ್ತೋಲೆ ಹೊರಡಿಸಬೇಕೆಂದು ಕೋರುತ್ತೇನೆ.

ಇಂತಿ,
ಬೆಂಗಳೂರಿನ ಒಬ್ಬ ಅಧ್ಯಾಪಕಿ